ಬೆಳಕು ಸಾಲ ಕೊಟ್ಟ ಹನಿಗಳು

"ಕಣ್ಣು ಮಿಟುಕಿಸ್ಬೇಡಿ ಆಂಟಿ, ಈಗ ಬರುತ್ತೆ ನೋಡಿ," ಎಂದಳು ಶಿನ್‌ರೂ.

ವೆನ್ ಚಿ-ಫಾಂಗ್ ಮೈಕ್ರೋಸ್ಕೋಪಿಗೆ ಕಣ್ಣೊತ್ತಿ ಕೂತಿದ್ದಳು. ಕೆಳಗೆ ಎರಡು ಬೆರಳಗಲದ ಪಾರದರ್ಶಕ ರಬ್ಬರಿನ ಚಿಪ್. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ನಡುವಿನ ಕಾಲುವೆಯಲ್ಲಿ ನೀರು, ಎರಡೂ ಪಕ್ಕದಿಂದ ಎಣ್ಣೆ. ಮೂರೂ ಕೂಡುವ ಜಾಗದಲ್ಲಿ ಎಣ್ಣೆಯು ನೀರನ್ನು ತುಂಡು ತುಂಡಾಗಿ ಕತ್ತರಿಸುತ್ತಿತ್ತು. ಹನಿಗಳು ಒಂದರ ಹಿಂದೊಂದು ಸಾಲು ಕಟ್ಟಿ ಓಡುತ್ತಿದ್ದವು. ಎಣಿಸಲು ಹೋದರೆ ತಲೆ ಸುತ್ತುವಂತಿತ್ತು.

ಈ ಹನಿಗಳೇ ಹುಡುಗಿಯ ಕುತ್ತಿಗೆಗೆ ಬಂದಿದ್ದವು. ಕಡಲೆಕಾಯಿಗೆ ಬೂಷ್ಟು ಹಿಡಿದರೆ ಹುಟ್ಟುವ ವಿಷವನ್ನು ಮುರಿದುಹಾಕುವ ಕಿಣ್ವ ಸಿಕ್ಕಿತೆಂದು ಅವಳು ಓದುತ್ತಿದ್ದ ಸಂಶೋಧನಾ ಸಂಸ್ಥೆ ಡಂಗುರ ಸಾರಿತ್ತು. ಕೊಳ್ಳಲು ಬಂದವರು ಫ್ರೀಜರಿನ ಟ್ಯೂಬು ತೆಗೆಸಿ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಕೆಲಸಕ್ಕೆ ಬಾರದ ಮಾಲು. ಅಸಲಿಯನ್ನು ಹೊರಗೆ ಸಾಗಿಸಿ ನಕಲಿಯನ್ನಿಟ್ಟವಳು ಶಿನ್‌ರೂ ಎಂದು ಅವಳ ಪ್ರೊಫೆಸರ್ ತ್ಸಾಯ್ ದೂರು ಕೊಟ್ಟಿದ್ದರು. ಇವತ್ತು ಮಧ್ಯಾಹ್ನ ಮೂರಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ತಪ್ಪು ಸಾಬೀತಾದರೆ ಅವಳ ಡಾಕ್ಟರೇಟಿನ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ವೆನ್‌ಳನ್ನು ಹುಡುಕಿಕೊಂಡು ಬಂದವಳು ಹುಡುಗಿಯ ತಾಯಿ. ನಗರದೇವರ ಗುಡಿಯ ಅಂಗಳದಲ್ಲಿ ಹಂದಿಮಾಂಸದ ಉಂಡೆ ಬೇಯಿಸಿ ಮಾರುವಾಕೆ. ಏಪ್ರನ್ ಬಿಚ್ಚುವುದನ್ನೂ ಮರೆತು ವೆನ್‌ಳ ಪತ್ತೇದಾರಿ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಪೊಲೀಸ್ ಇಲಾಖೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸವೆಸಿ ನಿವೃತ್ತಳಾದ ವೆನ್‌ಗೆ ಅಳುವ ತಾಯಂದಿರು ಹೊಸಬರಲ್ಲ. ಆದರೆ ಈಕೆ ಅಳಲಿಲ್ಲ, ಬೈದಳು. "ನಮ್ಮನೇಲಿ ಯಾರೂ ಒಂದು ಉಂಡೆ ಸಹ ಕದ್ದು ತಿಂದೋರಲ್ಲ," ಎಂದಿದ್ದಳು. ಅದೇ ವೆನ್‌ಗೆ ಹಿಡಿಸಿತ್ತು.

"ಒಂದೊಂದು ಹನೀನೂ ಒಂದೊಂದು ಅಡುಗೆಮನೆ ಅಂದ್ಕೊಳ್ಳಿ," ಶಿನ್‌ರೂ ಹೇಳುತ್ತಿದ್ದಳು. "ಒಳಗೆ ಒಬ್ಬನೇ ಅಡುಗೆಭಟ್ಟ. ಅಂದ್ರೆ ಒಂದೇ ಒಂದು ಬ್ಯಾಕ್ಟೀರಿಯಾ. ನಾವು ಪ್ರತಿಯೊಂದ್ರ ಜೀನನ್ನೂ ಒಂಚೂರು ಬೇರೆ ಬೇರೆ ಥರ ತಿದ್ದಿರ್ತೀವಿ, ಹಾಗಾಗಿ ಒಬ್ಬೊಬ್ಬನದೂ ಒಂದೊಂದು ಕೈರುಚಿ. ಜೊತೆಗೆ ಆ ವಿಷದ ಥರಾನೇ ಇರೋ ಒಂದು ಸಾಮಾನು ಹಾಕಿರ್ತೀವಿ. ಭಟ್ಟನ ಕಿಣ್ವಕ್ಕೆ ಕೆಲಸ ಬಂದ್ರೆ ಅದನ್ನ ಮುರಿಯುತ್ತೆ. ಮುರಿದ್ರೆ ಹಸಿರು ಬೆಳಕು."

"ಬರದೇ ಇದ್ರೆ?"

"ಕತ್ತಲೆ. ಲಕ್ಷದಲ್ಲಿ ಹೆಚ್ಚು ಕಮ್ಮಿ ಎಲ್ಲಾರೂ ದಂಡಪಿಂಡಗಳೇ."

"ನಮ್ಮ ಇಲಾಖೆ ಥರ," ಎಂದಳು ವೆನ್.

ಹುಡುಗಿ ನಕ್ಕಳು. ಮೂರು ಗಂಟೆಗೆ ಬದುಕು ಮುಳುಗಲಿದ್ದವಳ ನಗುವಾಗಿರಲಿಲ್ಲ ಅದು. ಗಟ್ಟಿ ಗುಂಡಿಗೆ ಎಂದುಕೊಂಡಳು ವೆನ್.

ಹನಿಗಳನ್ನು ಒಂದು ದಿನ ಸಿರಿಂಜಿನಲ್ಲಿ ಬಿಡುತ್ತಾರೆ. ಮಾರನೆಯ ದಿನ ಇನ್ನೊಂದು ಚಿಪ್ಪಿನೊಳಗೆ ಹಾಯಿಸುತ್ತಾರೆ. ಲೇಸರ್ ಪ್ರತಿ ಹನಿಯನ್ನೂ ನೋಡುತ್ತದೆ. ಬೆಳಗುವ ಹನಿ ಬಂದಾಗ ವಿದ್ಯುತ್ತಿನ ಒಂದು ಎಳೆತ ಅದನ್ನು ಪಕ್ಕದ ಕಾಲುವೆಗೆ ಜಗ್ಗುತ್ತದೆ. ಉಳಿದವು ಕಸಕ್ಕೆ. ಅಷ್ಟು ದುಬಾರಿ ಯಂತ್ರದ ನೆತ್ತಿಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ಕೂತಿತ್ತು. ಅದು ಹಸಿರೇ ಆಗಿರಬೇಕು, ಅದರ ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ಹಾಗಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಡಾಕ್ಟರೇಟ್ ಮಾಡಿದವರೂ ಇದರಲ್ಲಿ ತಮಾಷೆ ಮಾಡುವುದಿಲ್ಲ.

ವೆನ್ ಕಣ್ಣು ತೆಗೆದು ಕನ್ನಡಕ ಹಾಕಿಕೊಂಡಳು. "ಒಂದು ಪೆದ್ದ ಪ್ರಶ್ನೆ. ಪಕ್ಕಪಕ್ಕ ಅಡುಗೆಮನೆ ಇದ್ರೆ ಒಗ್ಗರಣೆ ವಾಸನೆ ಆಚೆ ಮನೆಗೂ ಹೋಗುತ್ತೆ. ಇಲ್ಲಿ ಹೋಗಲ್ವಾ?"

ಶಿನ್‌ರೂ ಪಂಪಿನ ವೇಗ ತಗ್ಗಿಸಿದಳು. "ಹೋಗುತ್ತೆ. ಒಂದು ದಿನಕ್ಕೆ ಅಷ್ಟಾಗಿ ಹೋಗಲ್ಲ. ಜಾಸ್ತಿ ದಿನ ಬಿಟ್ರೆ ಬಣ್ಣ ಎಣ್ಣೆಯೊಳಗಿಂದ ಜಿನುಗಿ ಪಕ್ಕದ ಹನಿಗೆ ಸೇರುತ್ತೆ. ಏನೂ ಮಾಡದ ಹನೀನೂ ಮಿಣುಕು ಮಿಣುಕು ಬೆಳಗೋಕೆ ಶುರು."

"ಸಾಲದ ಬೆಳಕು."

"ಹೂಂ. ನನಗಾಗಿದ್ದು ಅದೇ ಇರ್ಬೇಕು."

ಅವಳು ಫೋನಿನಲ್ಲಿದ್ದ ಒಂದು ಫೋಟೋ ತೆರೆದು ಮುಂದೆ ಹಿಡಿದಳು. ಏಪ್ರಿಲ್ ಮೊದಲ ವಾರ, ಹಿರಿಯರ ಗೋರಿ ಗುಡಿಸುವ ಚಿಂಗ್‌ಮಿಂಗ್ ಹಬ್ಬದ ರಜೆ ಮುಗಿದ ಮಂಗಳವಾರದ ಬೆಳಗ್ಗೆ ಮೈಕ್ರೋಸ್ಕೋಪಿನಲ್ಲಿ ತೆಗೆದದ್ದು. ರಜೆಗೆ ಮುನ್ನ ಗುರುವಾರ ಸಂಜೆ ಅವಳೇ ಹನಿ ಮಾಡಿಟ್ಟಿದ್ದಳು. ಪ್ರಯೋಗಾಲಯದ ಹಿರಿಯ ಸಂಶೋಧಕ ಫಾನ್, "ನೀನು ಊರಿಗೆ ಹೋಗಮ್ಮ, ನಾಳೆ ನಾನು ಆರಿಸಿಡ್ತೀನಿ," ಎಂದಿದ್ದ. ಆಮೇಲೆ ಅವನೂ ಹಿರಿಯರ ಗೋರಿ ಗುಡಿಸಲು ಊರಿಗೆ ಹೋದನಂತೆ. ಊರಿಗೆ ಊರೇ ಗುಡ್ಡದ ಮೇಲೆ ಪೊರಕೆ ಹಿಡಿದು ನಿಂತಿರುವ ನಾಲ್ಕು ದಿನಗಳವು, ಯಾರನ್ನೂ ದೂರುವಂತಿಲ್ಲ. ಹನಿಗಳು ಸಿರಿಂಜಿನಲ್ಲೇ ಉಳಿದವು. ಮಂಗಳವಾರ ಬಂದ ಶಿನ್‌ರೂ ಅವನ್ನೇ ಆರಿಸಿದಳು.

"ಯಾವುದೂ ಸರಿಯಾಗಿ ಬೆಳಗ್ತಿರ್ಲಿಲ್ಲ. ಲೇಸರ್ ಮುನಿಸ್ಕೊಂಡಿದೆ ಅಂದ್ಕೊಂಡು ಹೊಸ ಹಸಿರು ಪೊಟ್ಟಣ ತಂದಿಟ್ಟೆ. ಆಮೇಲೆ ಎಷ್ಟು ಬೆಳಕಿದ್ರೆ ಆರಿಸ್ಬೇಕು ಅನ್ನೋ ಗೆರೆ ಕೆಳಗಿಳಿಸಿ, ಮಿಣುಕು ಇದ್ದವನ್ನೇ ಆರಿಸ್ಕೊಂಡೆ. ಫಾನ್ ಅಣ್ಣ ಅವನ್ನ ಟ್ಯೂಬಲ್ಲಿ ಪರೀಕ್ಷೆ ಮಾಡಿ, ಅದ್ರಲ್ಲಿ ಒಂದು ಭರ್ಜರಿಯಾಗಿದೆ ಅಂದ್ರು. ಪ್ರೊಫೆಸರ್ ಎಲ್ಲಾರಿಗೂ ಊಟ ಹಾಕಿಸಿದ್ರು."

ವೆನ್ ಫೋಟೋ ನೋಡುತ್ತಲೇ ಇದ್ದಳು. ಹಲಸಿನ ತೊಳೆಯಂತೆ ಒತ್ತೊತ್ತಾಗಿ ಕೂತ ಹನಿಗಳು. ಎಲ್ಲದರಲ್ಲೂ ಮಬ್ಬು ಹಸಿರು. ಅಲ್ಲಲ್ಲಿ ಒಂದೊಂದು ಹನಿಯಲ್ಲಿ ಆ ಹಸಿರು ಸ್ವಲ್ಪ ದಟ್ಟವಾಗಿತ್ತು. ಆದರೆ ಅವುಗಳ ನಡುವೆ ಏನಿರಬೇಕಿತ್ತೋ ಅದಿರಲಿಲ್ಲ.

"ಇಷ್ಟೊಂದು ಜನ ಸಾಲ ತಗೊಂಡಿದಾರೆ," ಎಂದಳು ನಿಧಾನವಾಗಿ. "ಕೊಟ್ಟೋರು ಎಲ್ಲಿ?"

"ಏನು ಆಂಟಿ?"

"ಬೆಳಕು ತಾನಾಗೇ ಹುಟ್ಟಲ್ಲ. ಯಾವುದೋ ಹನಿ ಚೆನ್ನಾಗಿ ಉರಿದಿದ್ರೆ ತಾನೇ ಪಕ್ಕದ್ದಕ್ಕೆ ಜಿನುಗೋದು? ಕೊಟ್ಟ ಮೇಲೂ ಅದು ಎಲ್ಲಕ್ಕಿಂತ ಪ್ರಕಾಶವಾಗಿರ್ಬೇಕು. ಈ ಫೋಟೋದಲ್ಲಿ ಅಂಥದ್ದು ಒಂದೂ ಇಲ್ಲ. ನೀನು ಬರೋ ಮೊದಲೇ ಯಾರೋ ಅವನ್ನ ಆರಿಸ್ಕೊಂಡು, ಉಳಿದದ್ದನ್ನ ಸಿರಿಂಜಿಗೆ ವಾಪಸ್ ತುಂಬಿಟ್ಟಿದಾರೆ."

ಶಿನ್‌ರೂ ಪಂಪ್ ನಿಲ್ಲಿಸಿ, ಚಿಪ್ ಎತ್ತಿ ಒರೆಸತೊಡಗಿದಳು. ಬೆಚ್ಚಿಬಿದ್ದಳೇ, ಸಮಾಧಾನವಾಯಿತೇ ಎಂದು ವೆನ್‌ಗೆ ಆ ಮುಖದಿಂದ ತಿಳಿಯಲಿಲ್ಲ.

"ಲಕ್ಷದಲ್ಲಿ ಹತ್ತಿಪ್ಪತ್ತು ಹನಿ ಹೋದ್ರೆ ಯಾರಿಗೂ ಗೊತ್ತಾಗಲ್ಲ," ಎಂದಳು ಕೊನೆಗೆ. "ಆದ್ರೆ ರಜೇಲಿ ಇಲ್ಲಿ ಯಾರೂ ಇರ್ಲಿಲ್ಲ. ಎಲ್ಲಾರೂ ಗೋರಿ ಗುಡಿಸೋಕೆ ಹೋಗಿದ್ರು."

"ಎಲ್ಲಾರೂ," ಎಂದಳು ವೆನ್. "ಫಾನ್ ಯಾವ ಊರಿನವನು?"

"ಗ್ವಾನ್‌ಶಿ. ಯಾಕೆ?"

ವೆನ್ ಕೈಚೀಲ ಹೆಗಲಿಗೇರಿಸಿದಳು.

*

ಫಾನ್ ಗ್ವಾಂಗ್-ಲಿನ್ ಚಿಪ್ ಮಾಡುವ ಕೋಣೆಯಲ್ಲಿದ್ದ. ನಲವತ್ತು ದಾಟಿದ, ಮದುವೆಯಾಗದ, ಎಲ್ಲರಿಗೂ ಬೇಕಾದ ಮನುಷ್ಯ. ಒಂಬತ್ತು ವರ್ಷದಿಂದ ವರ್ಷ ವರ್ಷ ಕರಾರು ನವೀಕರಿಸಿಕೊಂಡು ಅಲ್ಲೇ ಇದ್ದ. ಅಚ್ಚಿನಿಂದ ಬಿಡಿಸಿದ ರಬ್ಬರಿನ ಬಿಲ್ಲೆಗೆ ಅಂಟುಪಟ್ಟಿ ಹಚ್ಚಿ ಧೂಳು ಕೀಳುತ್ತಿದ್ದ.

"ಬನ್ನಿ ಮೇಡಂ. ಕೂತ್ಕೊಳ್ಳಿ, ಆ ಸ್ಟೂಲು ಗಟ್ಟಿ ಇದೆ."

"ನೀವು ಗ್ವಾನ್‌ಶಿಯೋರಂತೆ?" ಎಂದು ವೆನ್ ಆ ಊರಿನ ಹಾಕ್ಕಾ ಜನರ ಮಾತಿನಲ್ಲಿ ಕೇಳಿದಳು.

ಅವನ ಮುಖ ಅರಳಿತು. ಈ ಊರಿನ ಹವಾನಿಯಂತ್ರಿತ ಕೋಣೆಗಳಲ್ಲಿ ಹಾಕ್ಕಾ ಮಾತು ಕಿವಿಗೆ ಬೀಳುವುದು ಅಪರೂಪ. "ಅಯ್ಯೋ, ನಮ್ಮೋರು! ನಿಮ್ಮದೆಲ್ಲಿ ಅಕ್ಕ?"

"ಬೇಪು. ನಮ್ಮಕ್ಕನ್ನ ಗ್ವಾನ್‌ಶಿಗೇ ಕೊಟ್ಟಿರೋದು. ಈ ಸಲ ಗೋರಿಗೆ ಪೂಜೆ ಕಾಗದ ಹಾಕಕ್ಕೆ ಹೋದಾಗ ನೆನೆದು ತೊಪ್ಪೆಯಾದ್ಲಂತೆ, ಎಂಟು ದಿನ ಕೆಮ್ಮು."

"ಆ ಮಳೆ ಕೇಳ್ಬೇಡಿ!" ಫಾನ್ ಚಿಪ್ಪಿಗೆ ತೂತು ಕೊರೆಯುವ ಕೊಳವೆಸೂಜಿ ಕೈಗೆತ್ತಿಕೊಂಡ. "ನಮ್ಮದು ಲಾಟೀನು ಹಬ್ಬದ ಮಾರನೇ ದಿನ. ಅರವತ್ತು ಜನ ಫಾನ್‌ಗಳು ಒಂದೇ ಗುಡ್ಡದ ಮೇಲೆ. ದೊಡ್ಡಪ್ಪನ ಕೈಲಿದ್ದ ಹುಂಜ ತಪ್ಪಿಸ್ಕೊಂಡು ಓಡ್ತು. ಛತ್ರಿ ಬಿಸಾಕಿ ನಾವೆಲ್ಲ ಅದರ ಹಿಂದೆ. ಗೋರಿ ಒಳಗಿನ ಮುತ್ತಾತಂದಿರು ಎದ್ದು ಕೂತು ನಕ್ಕಿರ್ತಾರೆ."

ವೆನ್ ಕೂಡ ಮನಸಾರೆ ನಕ್ಕಳು. ಅವನು ಒಂದು ತೂತು ಕೊರೆದ, ನೇರ, ಅಚ್ಚುಕಟ್ಟು.

"ಗುಡಿಸಿ, ಕಾಗದ ಹಾಕಿ, ಎಲ್ಲಾ ಅವತ್ತೇ ಮುಗೀತಾ?"

"ಮುಗೀದೆ ಮತ್ತೆ? ನಮ್ಮೋರ ಪದ್ಧತಿ ಗೊತ್ತಲ್ಲ. ಒಂದ್ಸಲ ಅಂದ್ರೆ ವರ್ಷಕ್ಕೊಂದ್ಸಲ."

"ಗೊತ್ತು," ಎಂದಳು ವೆನ್. "ಹಾಗಾದ್ರೆ ಏಪ್ರಿಲ್‌ನಲ್ಲಿ ಗುಡಿಸಿದ್ದು ಯಾರ ಗೋರಿ?"

ಸೂಜಿ ಎರಡನೆಯ ತೂತಿನ ಅರ್ಧದಲ್ಲಿ ನಿಂತಿತು.

"ಚಿಂಗ್‌ಮಿಂಗ್ ರಜೆ ನಾಲ್ಕೂ ದಿನ ಊರಲ್ಲಿ ಹಿರಿಯರ ಗೋರಿ ಗುಡಿಸ್ತಿದ್ದೆ ಅಂತ ಸಮಿತಿಗೆ ಬರೆದುಕೊಟ್ಟಿದೀರಿ. ಸಮಿತಿಯೋರೆಲ್ಲ ಪೇಟೆಯೋರು, ಅವರು ಗುಡಿಸೋದೂ ಆವಾಗ್ಲೇ. ಹಂಗಾಗಿ ಯಾರೂ ಎರಡನೇ ಪ್ರಶ್ನೆ ಕೇಳ್ಲಿಲ್ಲ. ಗ್ವಾನ್‌ಶಿ ಹಾಕ್ಕಾಗಳು ಚಿಂಗ್‌ಮಿಂಗ್‌ಗೆ ಒಂದೂವರೆ ತಿಂಗಳು ಮೊದಲೇ ಪೊರಕೆ ಮೂಲೆಗಿಟ್ಟಿರ್ತಾರೆ. ನಿಮ್ಮ ಹಿರಿಯರ ಮೇಲೆ ಮಾತ್ರ ಅಷ್ಟೊಂದು ಕಸ ಬೀಳುತ್ತಾ ತಮ್ಮಾ?"

"ಅದು... ತಾಯಿ ಕಡೆಯೋರದ್ದು..."

"ತಾಯಿ ಯಾವ ಊರು?"

ಫಾನ್ ಗ್ವಾನ್‌ಶಿಯ ಪಕ್ಕದ ಹಾಕ್ಕಾ ಹಳ್ಳಿ ಎನ್ನಬೇಕಿತ್ತು. ಅಂದರೆ ಅವರೂ ಚಿಂಗ್‌ಮಿಂಗ್‌ಗೆ ಮೊದಲೇ ಗುಡಿಸುವವರು, ಮಾತು ಮತ್ತೆ ಅಲ್ಲಿಗೇ ಬರುತ್ತಿತ್ತು. ಸೂಜಿ ಹೊರಗೆಳೆದ. ತೂತು ಓರೆಯಾಗಿ ಕಾಲುವೆಯನ್ನೇ ಸೀಳಿತ್ತು. ಹಾಳಾದ ಚಿಪ್ಪನ್ನು ಬುಟ್ಟಿಗೆ ಎಸೆದ.

"ಪ್ರೊಫೆಸರ್‌ಗೆ ಗೊತ್ತಾ?" ಎಂದು ಕೇಳಿದ.

"ಇನ್ನೂ ಇಲ್ಲ. ನನಗೂ ಪೂರ್ತಿ ಗೊತ್ತಿಲ್ಲ. ನೀವೇ ಹೇಳಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ವೆನ್ ಬೇಕಾದಷ್ಟು ಕಂಡಿದ್ದಳು. ಇವನು ಆ ಜಾತಿಯಲ್ಲ. ಹೊತ್ತು ಹೊತ್ತು ಸುಸ್ತಾಗಿ, ಇಳಿಸಲು ಯಾರಾದರೂ ಹೇಳಲಿ ಎಂದು ಕಾದಿದ್ದವನಂತೆ ಕಂಡ.

"ಭಾನುವಾರ ಬಂದೆ," ಎಂದ ಫಾನ್. "ಮಾತು ಕೊಟ್ಟಿದ್ದೆ ಅವಳಿಗೆ, ಆರಿಸಿಡ್ತೀನಿ ಅಂತ. ಶುಕ್ರವಾರ ಸೋಮಾರಿತನ, ಶನಿವಾರ ಜ್ವರ. ಭಾನುವಾರ ಬಂದು ಯಂತ್ರ ಹಾಕಿದೆ. ಅಕ್ಕ, ನಾನು ಒಂಬತ್ತು ವರ್ಷದಲ್ಲಿ ಅಂಥ ಬೆಳಕು ನೋಡಿಲ್ಲ. ಹನ್ನೊಂದು ಹನಿ. ಹನ್ನೊಂದೇ. ಅಷ್ಟು ಮಬ್ಬಿನ ನಡುವೆ ಕಣ್ಣು ಕುಕ್ಕೋ ಹಾಗೆ."

"ತಗೊಂಡ್ರಿ."

"ತಗೊಂಡೆ. ಪ್ರೊಫೆಸರ್ ಕೈಗೆ ಕೊಟ್ರೆ ಅದು ಪ್ರೊಫೆಸರದ್ದು. ಕರಾರು ಡಿಸೆಂಬರ್‌ಗೆ ಮುಗಿಯುತ್ತೆ, ಮುಂದೆ ಏನು ಅಂತ ಯಾರೂ ಹೇಳಲ್ಲ. ಬೇರೆ ಕಡೆ ಹೋದ್ರೆ ಕೈಲಿ ಏನಾದ್ರೂ ಇರ್ಲಿ ಅಂತ..." ಅವನು ಕೈಗವಸು ಬಿಚ್ಚಿದ. "ಮಂಗಳವಾರ ಆ ಹುಡುಗಿ ಬಂದು ಉಳಿದ ದಂಡಪಿಂಡಗಳನ್ನ ಆರಿಸ್ತಾ ಕೂತ್ಲು. ನೋಡಕ್ಕಾಗ್ಲಿಲ್ಲ. ಆರು ವರ್ಷ ಅಕ್ಕ, ಅವಳದು. ಅವಳು ಆರಿಸಿದ್ದು ಪರೀಕ್ಷೆಗೆ ಬಂದಾಗ ನನ್ನ ಹನ್ನೊಂದರಲ್ಲಿ ಒಂದನ್ನ ಅವಳ ನಂಬರಿನಲ್ಲಿ ಹಾಕಿ ಪರೀಕ್ಷೆ ಮಾಡ್ದೆ. ಅವಳಿಗೆ ಪದವಿ ಸಿಗುತ್ತೆ, ನನಗೆ ಕಿಣ್ವ ಉಳಿಯುತ್ತೆ. ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ."

"ಫ್ರೀಜರಿನಲ್ಲಿ ಅವಳ ಸತ್ತ ಟ್ಯೂಬೇ ಉಳೀತು."

"ಇಷ್ಟು ಬೇಗ ಯಾರೋ ಬಂದು ಅದನ್ನೇ ಕೊಡಿ ಅಂತಾರೆ ಅಂತ ಗೊತ್ತಿರ್ಲಿಲ್ಲ."

ಸಿಟ್ಟು ಬಂದದ್ದನ್ನು ವೆನ್ ಮುಚ್ಚಿಡಲಿಲ್ಲ. "ಕದ್ದಿದ್ದು ಒಂದು ತಪ್ಪು. ಆ ಮಗು ಎರಡು ವಾರದಿಂದ ಕಳ್ಳಿ ಅನ್ನಿಸ್ಕೊಳ್ತಿದೆ. ನೀವು ಪಕ್ಕದ ಮೇಜಲ್ಲಿ ಕೂತು ಚಿಪ್ಪಿಗೆ ತೂತು ಕೊರೀತಿದೀರಲ್ಲ, ಊಟ ಹೇಗೆ ಸೇರುತ್ತೆ ನಿಮಗೆ?"

ಫಾನ್ ತಲೆ ತಗ್ಗಿಸಿದ. "ಸೇರಲ್ಲ."

"ಆ ಹನ್ನೊಂದು ಈಗ ಎಲ್ಲಿವೆ?"

"ಅದೇ ಅಕ್ಕ." ಅವನ ದನಿ ಬದಲಾಯಿತು. "ಒಂದೊಂದು ಹನಿಗೆ ಒಂದೊಂದು ಟ್ಯೂಬು ಮಾಡಿ, ದೊಡ್ಡ ಫ್ರೀಜರಿನ ತಳದಲ್ಲಿ ಹಳೇ ಡಬ್ಬಿಯೊಳಗೆ ಇಟ್ಟಿದ್ದೆ. ಗಲಾಟೆ ಶುರುವಾದ ಮೇಲೆ, ಹೋಗ್ಲಿ, ವಾಪಸ್ ಇಟ್ಟುಬಿಡೋಣ ಅಂತ ಹೋದೆ. ಡಬ್ಬಿ ಖಾಲಿ. ಯಾರು ತಗೊಂಡ್ರೋ ದೇವರಾಣೆ ಗೊತ್ತಿಲ್ಲ. ಅಂಥದ್ದು ಇದೆ ಅಂತಾನೇ ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಿಮಗೇ ಮೊದಲು ಹೇಳ್ತಿರೋದು."

ವೆನ್ ಅವನ ಕಣ್ಣನ್ನೇ ನೋಡಿದಳು. ಸುಳ್ಳು ಹೇಳಲು ಬಾರದವನು ಎಂಬುದು ಹತ್ತು ನಿಮಿಷದ ಹಿಂದೆಯೇ ಗೊತ್ತಾಗಿತ್ತು. ಇನ್ನೊಬ್ಬ ಕಳ್ಳನಿದ್ದಾನೆ. ಇರಲಿ, ಅದು ನಾಳೆಯ ಕೆಲಸ. ಇವತ್ತಿನ ಕೆಲಸ ಒಂದೇ, ಹುಡುಗಿಯನ್ನು ಉಳಿಸುವುದು.

"ಏಳಿ," ಎಂದಳು. "ನನಗೆ ಹೇಳಿದ್ದನ್ನ ಸಮಿತಿ ಮುಂದೆ ಹೇಳಿ. ಉಪ್ಪು ತಿಂದೋರು ನೀರು ಕುಡೀಲೇಬೇಕು. ಅವಳಿಗ್ಯಾಕೆ ಕುಡಿಸ್ತೀರಿ?"

ಫಾನ್ ಎದ್ದ. ಮೇಜಿನ ಮೇಲಿನ ಚಿಪ್ಪುಗಳಿಗೆ ಧೂಳು ಕೂರದಂತೆ ಮುಚ್ಚಳ ಹಾಕಿ, ದೀಪ ಆರಿಸಿ ಹಿಂದೆ ಬಂದ.

*

ಹೊರಗೆ ಮೇ ತಿಂಗಳ ಮಳೆ ಹಿಡಿದಿತ್ತು. ಎರಡು ಕಟ್ಟಡಗಳ ನಡುವೆ ಒಂದೇ ಛತ್ರಿಯಲ್ಲಿ ಇಬ್ಬರೂ ಓಡಿದರು. ಸಭಾಂಗಣದ ಬಾಗಿಲು ತಳ್ಳಿದಾಗ ಮೂರು ದಾಟಿತ್ತು.

ಉದ್ದ ಮೇಜಿನ ಹಿಂದೆ ಸಮಿತಿಯ ಐವರು. ಪಕ್ಕದಲ್ಲಿ ಪ್ರೊಫೆಸರ್ ತ್ಸಾಯ್, ಬೂದು ಕೋಟು, ಎದುರಿಗೆ ಮುಚ್ಚಳ ತೆಗೆಯದ ಚಹಾ. ಗೋಡೆಯ ಬಳಿ ಕುರ್ಚಿಯ ಅಂಚಿನಲ್ಲಿ ಶಿನ್‌ರೂವಿನ ತಾಯಿ. ಮಧ್ಯದಲ್ಲಿ ಶಿನ್‌ರೂ ನಿಂತಿದ್ದಳು.

"ಕ್ಷಮಿಸಿ," ಎಂದಳು ವೆನ್, ಏದುಸಿರು ತಡೆದು. "ಈ ಹುಡುಗಿ ಏನೂ ತಪ್ಪು ಮಾಡಿಲ್ಲ ಅನ್ನೋದಕ್ಕೆ ಸಾಕ್ಷಿ ಕರ್ಕೊಂಡು ಬಂದಿದೀನಿ."

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ತಡವಾಯ್ತು ಮೇಡಂ. ಅವರು ಈಗಷ್ಟೇ ಒಪ್ಪಿಕೊಂಡಿದ್ದಾರೆ."

"ಏನಂತ?"

"ತಾನೇ ಕದ್ದೆ ಅಂತ."

ಬೆಳಗ್ಗೆಯಿಂದ ವೆನ್ ಕಟ್ಟಿದ್ದೆಲ್ಲ ಕಣ್ಣೆದುರೇ ಬೀಳುತ್ತಿತ್ತು. ಹೆದರಿ ಒಪ್ಪಿಕೊಂಡಿರಬೇಕು. ಒಪ್ಪಿದರೆ ಶಿಕ್ಷೆ ಕಡಿಮೆ ಎಂದು ಯಾರೋ ತಲೆಗೆ ತುಂಬಿರಬೇಕು. ಪೊಲೀಸ್ ಠಾಣೆಯಲ್ಲಿ ಇಂಥವರನ್ನು ಎಷ್ಟು ನೋಡಿಲ್ಲ.

"ಸುಳ್ಳು," ಎಂದಳು. "ಕದ್ದಿದ್ದು ಏನು ಅಂತಾನೇ ಅವಳಿಗೆ ಗೊತ್ತಿಲ್ಲ. ಕೇಳಿ ಬೇಕಾದ್ರೆ."

ಅಧ್ಯಕ್ಷೆ ಶಿನ್‌ರೂ ಕಡೆ ತಿರುಗಿದರು. "ಹೇಳಮ್ಮ. ಏನು ತಗೊಂಡೆ?"

"ಹನ್ನೊಂದು ಟ್ಯೂಬು," ಎಂದಳು ಶಿನ್‌ರೂ. ದನಿ ಗಟ್ಟಿಯಾಗಿತ್ತು. "ಹನ್ನೊಂದು ಹನಿಯಿಂದ ಬಂದಿದ್ದು. ದೊಡ್ಡ ಫ್ರೀಜರಿನ ತಳದಲ್ಲಿ ಹಳೇ ಡಬ್ಬಿ ಒಳಗಿತ್ತು."

ವೆನ್‌ಳ ಹಿಂದೆ ನಿಂತಿದ್ದ ಫಾನ್ ಅವಳ ತೋಳು ಹಿಡಿದುಕೊಂಡ. "ನಾನು ಹೇಳಿಲ್ಲ ಅಕ್ಕ," ಎಂದು ಕಿವಿಯ ಬಳಿ ಉಸುರಿದ. "ಆಣೆಯಾಗ್ಲೂ ನಾನು ಅವಳಿಗೆ ಹೇಳಿಲ್ಲ."

ಗೋಡೆಯ ಬಳಿಯ ತಾಯಿ ಎದ್ದು ನಿಂತಳು. ಮತ್ತೆ ಕೂತಳು. ಯಾರನ್ನು ಬೈಯಬೇಕೆಂದು ಆಕೆಗೆ ಮೊದಲ ಬಾರಿ ತಿಳಿಯದೆ ಹೋಗಿತ್ತು. ವೆನ್ ಆಕೆಯ ಮುಖದಿಂದ ಕಣ್ಣು ತೆಗೆದಳು. ಮಗಳು ಕಳ್ಳಿಯಲ್ಲ ಎಂದು ಆ ತಾಯಿಗೆ ಮಾತು ಕೊಟ್ಟವಳು ತಾನೇ.

"ಈಗ ಅವು ಎಲ್ಲಿವೆ?" ಅಧ್ಯಕ್ಷೆ ಕೇಳಿದರು. "ಅದನ್ನ ಹೇಳಿದ್ರೆ ಸಮಿತಿ ನಿನ್ನ ವಿಷಯದಲ್ಲಿ ಇನ್ನೊಂದು ಸಲ ಯೋಚನೆ ಮಾಡುತ್ತೆ. ಪದವಿ ಉಳಿಯೋ ದಾರಿ ಅದೊಂದೇ. ಯಾರಿಗೆ ಕೊಟ್ಟೆ?"

ಶಿನ್‌ರೂವಿನ ತುಟಿ ಅಲುಗಿತು. ಹೇಳುತ್ತಾಳೆ ಎಂದುಕೊಂಡರು ಎಲ್ಲರೂ. ಸಮಿತಿಯ ಕಣ್ಣೆಲ್ಲ ಅವಳ ಬಾಯಿಯ ಮೇಲೇ ಇತ್ತು. ವೆನ್ ಮಾತ್ರ ಅವಳ ಕಣ್ಣು ನೋಡುತ್ತಿದ್ದಳು. ಆ ಕಣ್ಣು ತಾಯಿಯನ್ನು ದಾಟಿ, ಫಾನ್‌ನನ್ನು ದಾಟಿ, ಮೇಜಿನ ಪಕ್ಕಕ್ಕೆ ಹೋಗಿ ನಿಂತಿತು, ಅಪ್ಪಣೆ ಕೇಳುವಂತೆ.

ದೂರು ಕೊಟ್ಟ ಪ್ರೊಫೆಸರ್ ತ್ಸಾಯ್ ಚಹಾದ ಮುಚ್ಚಳ ತೆಗೆಯುತ್ತ, ಬೇಡ ಎನ್ನುವಂತೆ ಒಂದೇ ಒಂದು ಸಲ ತಲೆಯಾಡಿಸಿದರು. ಟ್ಯೂಬು ಯಾರ ಕೈ ಸೇರಿದೆ, ದೂರು ಯಾರನ್ನು ಮರೆಮಾಡಲು ಎಂದು ವೆನ್‌ಗೆ ಹೊಳೆಯಿತು.

ಶಿನ್‌ರೂ ಬಾಯಿ ಮುಚ್ಚಿದಳು.